ಒಂದು ಎತ್ವದ ತಪ್ಪು

"ಈ ಪದ ಹಾಕಿದ್ದು ಯಾರು?"

ಪ್ರಶ್ನೆಯ ಜೊತೆಗೆ ನಾಳೆಯ ಪತ್ರಿಕೆಯ ಕೊನೆಯ ಪುಟದ ಕರಡೂ ಅವಳ ಮೇಜಿನ ಮೇಲೆ ಬಿತ್ತು.

ಅವಳು ತಲೆಯೆತ್ತಿದಳು. ಎದುರಿಗೆ ನಿಂತಿದ್ದವನು ಹೊಸ ಸುದ್ದಿ ಸಂಪಾದಕ. ಅವನು ಬಂದು ವಾರವೂ ಆಗಿರಲಿಲ್ಲ, ಕಚೇರಿಯವರು ಆಗಲೇ ಅವನಿಗೆ 'ಕತ್ತರಿ' ಎಂದು ಹೆಸರಿಟ್ಟಾಗಿತ್ತು. ಯಾರು ಎಷ್ಟೇ ಉದ್ದ ಬರೆದು ತಂದರೂ ಅರ್ಧಕ್ಕೆ ಕತ್ತರಿಸದೆ ಬಿಡುವ ಆಸಾಮಿಯಲ್ಲ.

ಅವನ ಬೆರಳು ಹವಾಮಾನದ ಸಾಲಿನ ಮೇಲಿತ್ತು. 'ನಾಳೆ ಬೆಳಗ್ಗೆ ಲಘು ಬಿಸಿಲು' ಎಂದಿದ್ದಲ್ಲಿ ಕೆಂಪು ಶಾಯಿಯಲ್ಲಿ 'ಹೂಬಿಸಿಲು' ಎಂದು ತಿದ್ದಿತ್ತು.

"ನಾನೇ," ಎಂದಳು.

"ಕರಡು ನೋಡೋರು ತಪ್ಪು ತಿದ್ದಬೇಕು. ಪದ ಸೇರಿಸಬಾರದು."

"ತಪ್ಪನ್ನೇ ತಿದ್ದಿದೀನಿ. ಲಘು ಬಿಸಿಲು ಅಂದ್ರೇನು ಸಾರ್? ಲಘು ಉಪಾಹಾರ ಇದ್ದ ಹಾಗಾ?"

ಪಕ್ಕದ ಮೇಜಿನಲ್ಲಿ ಪುಟ ಕಟ್ಟುತ್ತಿದ್ದ ಹುಡುಗಿ ಕಿಸಕ್ಕೆಂದಳು. ಅವನ ಮುಖ ಮಾತ್ರ ಸಡಿಲವಾಗಲಿಲ್ಲ.

"ಓದುಗರಿಗೆ ಗೊತ್ತಿಲ್ಲದ ಪದ ಬೇಡ."

"ಗೊತ್ತಿಲ್ಲ ಅಂದ ಮಾತ್ರಕ್ಕೆ ಪದ ಇಲ್ಲ ಅಂತಲ್ಲ. ಬಿಸಿಲಿರುತ್ತೆ, ಸುಡಲ್ಲ. ಹೂಬಿಸಿಲು. ಇಷ್ಟು ಅರ್ಥ ಆಗದಷ್ಟು ದಡ್ಡರಾ ನಮ್ಮ ಓದುಗರು?"

ಅವನು ಆ ಪದದ ಮೇಲೆ ಗೀಟೆಳೆದು ಹೋದ. ಅವಳು ಗೀಟಿನ ಕೆಳಗೆ 'ಇರಲಿ' ಎಂದು ಬರೆದು ಪುಟವನ್ನು ಅಚ್ಚಿಗೆ ಕಳಿಸಿದಳು. ಕೆಲಸ ಹೋದರೆ ಹೋಗಲಿ!

ಕಚೇರಿಯಲ್ಲಿ ಅವಳನ್ನು ಎಲ್ಲರೂ ನಿಘಂಟಮ್ಮ ಎನ್ನುತ್ತಿದ್ದರು. ಅವಳಿಗೆ ಬೇಜಾರಿರಲಿಲ್ಲ. ಕೆಲವರಿಗೆ ಒಡವೆಯ ಹುಚ್ಚು, ಕೆಲವರಿಗೆ ಬಟ್ಟೆಯ ಹುಚ್ಚು, ಇವಳಿಗೆ ಪದದ ಹುಚ್ಚು. ಒಮ್ಮೆ ಬಸ್ಸಿನಲ್ಲಿ ಯಾರೋ ಅಜ್ಜಿ, "ಕಿಟಕಿ ಮುಚ್ಚಮ್ಮ, ಎರಚಲು ಹೊಡೀತಿದೆ," ಎಂದಿದ್ದರು. ಗಾಳಿಗೆ ಒಳಗೆ ಹಾರಿ ಬರುವ ಹನಿಗೂ ಒಂದು ಹೆಸರಿದೆಯೇ ಎಂದು ಅದನ್ನೇ ಬಾಯಲ್ಲಿ ಉರುಳಿಸುತ್ತಾ ಕುಳಿತವಳು ಇಳಿಯಬೇಕಾದ ನಿಲ್ದಾಣವನ್ನೇ ದಾಟಿಬಿಟ್ಟಿದ್ದಳು.

ಇದೇ ಹುಚ್ಚಿನಿಂದ ಗೊತ್ತಾಗಿದ್ದ ಮದುವೆಯೊಂದು ಮುರಿದಿತ್ತು. ಆ ಹುಡುಗ ಗೆಳೆಯರ ಮುಂದೆ ಅವಳ ಮಾತನ್ನು ಅಣಕಿಸಿ, "ಮದುವೆ ಆಗ್ಲಿ, ನಾನೇ ಪಳಗಿಸ್ಕೋತೀನಿ," ಎಂದು ನಕ್ಕಿದ್ದ. ಮಾತು ಬಿಡಿಸಲು ಹೊರಟವನನ್ನೇ ಅವಳು ಬಿಟ್ಟಳು. ಮನೆಯಲ್ಲಿ ಅಮ್ಮ ಅತ್ತರು, ಅಣ್ಣ ಮಾತು ಬಿಟ್ಟ. ಬೆನ್ನಿಗೆ ನಿಂತವಳು ಅತ್ತಿಗೆ ಒಬ್ಬಳೇ. ಅಂದಿನಿಂದ ಅವಳದು ಒಂದೇ ಹಠ. ತನ್ನ ಮಾತನ್ನು ಬಿಟ್ಟುಕೊಟ್ಟು ಯಾರ ಪ್ರೀತಿಯನ್ನೂ ಪಡೆಯುವುದಿಲ್ಲ.

ಮರುದಿನ ಕತ್ತರಿ ನೇರವಾಗಿ ಅವಳ ಮೇಜಿನ ಬಳಿಗೇ ಬಂದ. ಬಂತು ಗ್ರಹಚಾರ, ಎಂದುಕೊಂಡಳು.

"ಇವತ್ತು ನಡ್ಕೊಂಡೇ ಬಂದೆ," ಎಂದ. "ಹೌದು... ಸುಡಲಿಲ್ಲ."

ಅಷ್ಟು ಹೇಳಿ ಹೊರಟವನು ತಿರುಗಿ, "ಗಾಳಿಗೆ ಒಂದು ಹಳೆ ಪದ ಇದೆ. ಎಲರು. ಗೊತ್ತಾ?" ಎಂದು ಕೇಳಿದ.

ಅವಳಿಗೆ ಗೊತ್ತಿರಲಿಲ್ಲ. 'ಎಲರು...' ಒಮ್ಮೆ ಅಂದುಕೊಂಡಳು. ಮತ್ತೊಮ್ಮೆ ಅಂದುಕೊಂಡಳು. ಎಲೆ ಅಲುಗಿದಷ್ಟೇ ಸದ್ದು ಆ ಪದಕ್ಕೆ! ಮಧ್ಯಾಹ್ನ ಸೆಕೆಗೆ, "ಯಾರಾದ್ರೂ ಎಲರು ಸ್ವಲ್ಪ ಜೋರು ಮಾಡ್ರಪ್ಪ," ಎಂದು ಫ್ಯಾನಿನ ಕಡೆ ಕೈ ತೋರಿಸಿದಾಗ ಇಡೀ ಕಚೇರಿ ಕಕ್ಕಾಬಿಕ್ಕಿಯಾಯಿತು. ಕತ್ತರಿ ಎದ್ದು ಸ್ವಿಚ್ಚು ತಿರುಗಿಸಿದ. ಅವನು ನಕ್ಕಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಹಳಗನ್ನಡ ಓದಿ ಬಂದವನು ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಹೇಳಿದರೆ ನಗುತ್ತಾರೆಂಬ ಅಳುಕು ಅವನಿಗೂ ಇತ್ತು. ಅದಕ್ಕೇ ಆ ಕತ್ತರಿಯ ಸೋಗು.

ಅಲ್ಲಿಂದ ಇಬ್ಬರ ನಡುವೆ ಒಂದು ಕೊಡುಕೊಳ್ಳುವಿಕೆ ಶುರುವಾಯಿತು. ಅವನು ಕರಡಿನ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪದ ಬರೆದು ಕಳಿಸುವನು. ಇವಳು ದರ್ಜಿಯ ಬಾಯಿಂದಲೋ ತರಕಾರಿಯವಳ ಬಾಯಿಂದಲೋ ಕದ್ದು ತಂದ ಪದವನ್ನು ಅದರ ಕೆಳಗೆ ಬರೆದು ಹಿಂತಿರುಗಿಸುವಳು. ಅವನು 'ಒಸಗೆ' ಕೊಟ್ಟ. ಸಿಹಿಸುದ್ದಿ ಎಂದು ಅರ್ಥ. ಅಂದು ಮನೆಗೆ ಹೋಗಿ, "ಅತ್ತಿಗೆ, ಒಸಗೆ ಇದೆ, ನಾಳೆ ರಜೆ," ಎಂದಳು.

"ಒಗ್ಗರಣೆ ಅಂತ ಕೇಳಿಸ್ತು ನಂಗೆ," ಎಂದಳು ಅತ್ತಿಗೆ. "ಅದಿರ್ಲಿ, ಆ ಪದ ಕೊಡೋ ಪುಣ್ಯಾತ್ಮ ಯಾರು? ಅವನ ಮಾತು ಬಂದ್ರೆ ನಿನ್ನ ಮುಖದಲ್ಲೇ ಹೂಬಿಸಿಲು."

"ಹೋಗಿ ಅತ್ತಿಗೆ..." ಎಂದಳು. ಆದರೆ ಕೆನ್ನೆ ಬಿಸಿಯಾಗಿತ್ತು.

ಒಂದು ಸಂಜೆ ಬಂದ ಕರಡಿನ ಅಂಚಿನಲ್ಲಿ ಎಂದಿಗಿಂತ ಸಣ್ಣ ಅಕ್ಷರಗಳಿದ್ದವು.

'ಇವತ್ತಿನ ಪದ: ಬೇಟ. ಬೇರೆ ಯಾರ ಮೇಲೂ ಅಲ್ಲ, ನಿಮ್ಮ ಮೇಲೆ.'

ಎಷ್ಟಾದರೂ ಕರಡು ತಿದ್ದುವ ಕೈ. ಮನಸ್ಸು ಓದಿ ಮುಗಿಸುವ ಮೊದಲೇ ಕೆಂಪು ಪೆನ್ನು 'ಟ'ಕಾರಕ್ಕೆ ಬಿಟ್ಟುಹೋಗಿದ್ದ ಎತ್ವವನ್ನು ಹಾಕಿ ಮುಗಿಸಿತ್ತು. ಬೇಟೆ. ಆಮೇಲೆ ಸಾಲನ್ನು ಮತ್ತೆ ಓದಿದಳು.

ಬೇಟೆ... ನನ್ನ ಮೇಲೆ?

ಕಿವಿಯಲ್ಲಿ ಹಳೆಯ ನಗು ಕೇಳಿಸಿತು. ನಾನೇ ಪಳಗಿಸ್ಕೋತೀನಿ. ಇವನೂ ಅಷ್ಟೇನಾ? ಇಷ್ಟು ದಿನ ಪದಗಳನ್ನು ಕಾಳು ಹಾಕಿದ ಹಾಗೆ ಹಾಕಿದ್ದು ಇದಕ್ಕೇನಾ?

ಕರಡನ್ನು ಹಿಡಿದು ಅವನ ಮೇಜಿನ ಮುಂದೆ ನಿಂತಳು. ಕಚೇರಿ ತುಂಬಾ ಜನ. ಗಾಜಿನ ಕೋಣೆಯೊಳಗೆ ಸಂಪಾದಕರೂ ಇದ್ದರು.

"ಏನಿದು? ನಾನು ಬೇಟೆನಾ?"

ಅವನು ಕೆಂಪು ಎತ್ವವನ್ನು ನೋಡಿದ. ಮುಖ ಬಿಳಿಚಿತು. "ನಾನು ಬರೆದಿದ್ದು ಅದಲ್ಲ. ನೀವು ತಿದ್ದಿದೀರಿ."

"ತಪ್ಪಿತ್ತು, ತಿದ್ದಿದೆ."

"ತಪ್ಪಿರಲಿಲ್ಲ... ಅಂಥ ಪದ ಇದೆ."

"ಇಲ್ಲ. ನಾನು ಕೇಳೇ ಇಲ್ಲ."

"ನೀವು ಕೇಳಿಲ್ಲ ಅಂದ ಮಾತ್ರಕ್ಕೆ..." ಎಂದವನು ತಡೆದ. ಸುತ್ತ ಕೀಲಿಮಣೆಗಳ ಸದ್ದು ನಿಂತಿತ್ತು.

"ಅರ್ಥ ಹೇಳಿ ಹಾಗಾದ್ರೆ."

"ಇಲ್ಲಿ... ಎಲ್ಲರ ಮುಂದೆ ಹೇಳೋಕಾಗಲ್ಲ."

"ಹೇಳೋಕಾಗದ್ದನ್ನ ಬರೆಯೋಕೆ ಮಾತ್ರ ಆಗುತ್ತಾ? ನಿಮಗೆ ಪದದ ಹುಚ್ಚು ಅಂದ್ಕೊಂಡಿದ್ದೆ. ನೀವು ಬರೀ ಬೇಟೆಗಾರ. ನಾನು ಯಾರ ಬೋನಿಗೂ ಬೀಳೋಳಲ್ಲ, ತಿಳ್ಕೊಳ್ಳಿ."

ಅವಳು ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದಳು. ಬೀದಿಗೆ ಬಂದ ಮೇಲೆ ಕಣ್ಣೀರು ಬಂತು. ಸೋತವಳ ಅಳುವಲ್ಲ ಇದು, ಸಿಟ್ಟಿನ ಅಳು, ಎಂದು ತನಗೆ ತಾನೇ ಹೇಳಿಕೊಂಡಳು. ತನಗೇ ಅದು ನಂಬಿಕೆಯಾಗಲಿಲ್ಲ.

ಮನೆಯಲ್ಲಿ ಎಲ್ಲವನ್ನೂ ಕೇಳಿದ ಅತ್ತಿಗೆ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ಅಲ್ವೇ, ಅಂಥ ಪದ ಇದೆ ಅಂದ್ನಲ್ಲ, ನೀನು ನಿಘಂಟಲ್ಲಿ ನೋಡಿದ್ಯಾ?"

"ನಾನು ಕೇಳೇ ಇಲ್ಲ ಅತ್ತಿಗೆ."

"ನೀನು ಕೇಳದೇ ಇರೋ ಪದ ಇರಬಾರದು ಅಂತ ಯಾವಾಗಿಂದ ಕಾನೂನಾಯ್ತು? ಗೊತ್ತಿಲ್ಲ ಅಂದ್ರೆ ಪದ ಇಲ್ಲ ಅಂತಲ್ಲ ಅಂತ ಈ ಮನೆಯ ಗೋಡೆಗೂ ಪಾಠ ಹೇಳಿದೋಳು ನೀನು."

ಕಪಾಳಕ್ಕೆ ಹೊಡೆದ ಹಾಗಾಯಿತು.

ದಪ್ಪ ನಿಘಂಟು ಊಟದ ಮೇಜಿನ ಬಳಿಯ ಕುರ್ಚಿಯ ಮೇಲಿತ್ತು. ಅದರ ಮೇಲೆ ಅಣ್ಣನ ಪುಟ್ಟ ಮಗಳು ಕುಳಿತಿದ್ದಳು. ಮೇಜು ಎಟುಕಲು ಅವಳಿಗೆ ಅದೇ ಮಣೆ.

"ಏಳು ಪುಟ್ಟಿ, ಅತ್ತೆಗೆ ಪದ ಬೇಕಂತೆ," ಎಂದಳು ಅತ್ತಿಗೆ.

ಅವಳು ನಿಂತಲ್ಲೇ ಪುಟ ತಿರುಗಿಸಿದಳು. ಬೇಗೆ... ಬೇಗೆಯ ನಂತರ ಇನ್ನೇನೇನೋ... ಬೇಟ.

ಇತ್ತು! ಎತ್ವವಿಲ್ಲದೆ, ಯಾವ ಸಂಕೋಚವೂ ಇಲ್ಲದೆ ಅಲ್ಲೇ ಇತ್ತು.

'ಬೇಟ: ಪ್ರೀತಿ, ಒಲವು.'

ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಅದರ ಕೆಳಗೆ 'ಬೇಟಗಾರ'. ಪ್ರೀತಿಸುವವನು. ಅದಕ್ಕೂ ಕೆಳಗೆ ಬೇಟೆ, ಬೇಟೆಗಾರ. ಪ್ರೀತಿಸುವವನಿಗೂ ಕೊಲ್ಲುವವನಿಗೂ ನಡುವೆ ಇರುವುದು ಒಂದೇ ಒಂದು ಎತ್ವ. ಅದನ್ನು ಹಾಕಿದ್ದು ಅವನಲ್ಲ, ತಾನು.

ಅಳು ಬಂತು, ಹಿಂದೆಯೇ ನಗುವೂ ಬಂತು. ಎಂಥ ಪದ! ಎಷ್ಟು ಕಾಲದಿಂದ ಮಗುವಿನ ಮಣೆಯೊಳಗೆ ಸುಮ್ಮನೆ ಕಾದುಕೊಂಡಿತ್ತು!

"ಏನಂತೆ ಅರ್ಥ?" ಅತ್ತಿಗೆ ಬಗ್ಗಿ ನೋಡಿದಳು. ಓದಿ, ಹುಬ್ಬೇರಿಸಿ, "ಒಸಗೆ," ಎಂದಳು.

ಮರುದಿನ ಬೆಳಗ್ಗೆ ಅವಳು ಕಚೇರಿಗೆ ಹೋದಾಗ ಕತ್ತರಿ ಡ್ರಾಯರಿನ ಸಾಮಾನುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ.

"ಇವತ್ತಿಂದ ಕೆಳಗಿನ ಮಹಡೀಲಿ ಕೂರ್ತೀನಿ," ಎಂದ, ತಲೆಯೆತ್ತದೆ. "ನಿಮಗೆ ಇರುಸುಮುರುಸು ಆಗೋದು ಬೇಡ."

ಒಳಗೆ ಕರೆದು ಮೆಲ್ಲಗೆ ಕ್ಷಮೆ ಕೇಳಬಹುದಿತ್ತು. ಆದರೆ ಎಲ್ಲರ ಮುಂದೆ ಮಾಡಿದ ತಪ್ಪನ್ನು ಮೂಲೆಯಲ್ಲಿ ತಿದ್ದುವವಳಲ್ಲ ಅವಳು.

"ಒಂದು ತಿದ್ದುಪಡಿ ಇದೆ," ಎಂದಳು, ಇಡೀ ಕಚೇರಿಗೆ ಕೇಳುವಂತೆ. "ನಿನ್ನೆ ನಾನು ಇವರನ್ನ ಬೇಟೆಗಾರ ಅಂದೆ. ಅದರಲ್ಲಿ ಒಂದು ಎತ್ವ ಜಾಸ್ತಿ. ತಪ್ಪು ನಂದು. ಎತ್ವ ತೆಗೆದು ಓದ್ಕೊಳ್ಳಿ."

ಪುಟ ಕಟ್ಟುವ ಹುಡುಗಿ ಗಾಳಿಯಲ್ಲಿ ಬೆರಳಾಡಿಸಿ ಎತ್ವ ಅಳಿಸಿ ನೋಡಿದಳು. ಏನೂ ಹೊಳೆಯಲಿಲ್ಲ. ಹೊಳೆದದ್ದು ಒಬ್ಬನಿಗೇ. ಅವನ ಕೈಯಿಂದ ಪೆಟ್ಟಿಗೆ ಜಾರಿ ಮೇಜಿನ ಮೇಲೆ ಕುಳಿತಿತು.

ಗಾಜಿನ ಕೋಣೆಯಿಂದ ಸಂಪಾದಕರು ಹೊರಗೆ ಬಂದರು. "ಏನಮ್ಮ ಇದು, ಕಚೇರೀಲಿ?"

"ತಪ್ಪು ತಿದ್ತಾ ಇದೀನಿ ಸಾರ್. ಅದಕ್ಕೇ ತಾನೆ ಸಂಬಳ ಕೊಡೋದು?"

ಸಂಪಾದಕರು ಇಬ್ಬರ ಮುಖವನ್ನೂ ನೋಡಿ, ಕೆಮ್ಮಿ, ಒಳಗೆ ಹೋದರು.

ಅವನು ಹತ್ತಿರ ಬಂದ. "ಪ್ರೀತಿ ಅಂತಲೇ ಬರೀಬಹುದಿತ್ತು. ಸವೆದ ಪದ ಅಂತ ನೀವು ಹೊಡೆದು ಹಾಕ್ತೀರೇನೋ ಅಂತ..."

"ಹೊಡೀತಾ ಇದ್ದೆ," ಎಂದಳು. ಕಣ್ಣು ತುಂಬಿತ್ತು. "ಒಂದು ಕೇಳ್ತೀನಿ. ನಾನು ಮಾತಾಡೋದು ಹೀಗೇ. ಇದನ್ನ ಬದಲಾಯಿಸಬೇಕು ಅಂತ ಯಾವತ್ತಾದ್ರೂ ಅನ್ನಿಸುತ್ತಾ?"

ಅವನು ಯೋಚಿಸಿದ. "ಒಂದೇ ಒಂದು ಅಕ್ಷರ."

ಅವಳ ಹುಬ್ಬು ಗಂಟಿಕ್ಕಿತು. "ಯಾವುದು?"

"'ನೀವು' ಅನ್ನೋದರಲ್ಲಿ 'ವು' ತೆಗೆದು 'ನು' ಹಾಕಬಹುದಾ?"

ಅವಳು ಕಿವಿಯ ಹಿಂದೆ ಸಿಕ್ಕಿಸಿದ್ದ ಕೆಂಪು ಪೆನ್ನನ್ನು ತೆಗೆದು ಅವನ ಅಂಗಿಯ ಜೇಬಿಗೆ ಸಿಕ್ಕಿಸಲು ಹೋದಳು. ಮತ್ತೆ ತನ್ನ ಹಳೆಯ ಹಠ ನೆನಪಾಗಿ ಕೈ ಹಿಂದಕ್ಕೆ ಎಳೆದುಕೊಂಡಳು.

"ಹಾಕ್ಬಹುದು. ಆದ್ರೆ ಪೆನ್ನು ನನ್ನ ಹತ್ರಾನೇ ಇರುತ್ತೆ... ಗೊತ್ತಾಯ್ತಾ ನಿನಗೆ?"