ರೋಯಿ ಎಂಬ ಅಡ್ಡಹೆಸರು

"ಅಡ್ಡಹೆಸರು ಏನ್ರಿ?"

"ರೋಯಿ."

"ಏನಂದ್ರಿ?"

"ರೋಯಿ ರೀ. ನಾಥನ್ ರೋಯಿ."

ಸುವರ್ಣಾಳ ತಲೆ ಮೊದಲೇ ಕಾದಿತ್ತು. ಮನೆಮನೆ ಸಮೀಕ್ಷೆ ಅಂತ ಶಾಲೆಯ ಪಾಠ ಬಿಟ್ಟು ಬೆಳಿಗ್ಗೆಯಿಂದ ಸಂಶಿಯ ಓಣಿ ಓಣಿ ತಿರುಗಿದ್ದಳು. ಒಂದು ಮನೆಯಲ್ಲಿ ನಾಯಿ ಬೆನ್ನು ಹತ್ತಿತ್ತು. ಇನ್ನೊಂದು ಮನೆಯ ಅಜ್ಜಿ, ಗಂಡನ ಹೆಸರು ಕೇಳಿದ್ದೇ ತಡ, ಅರ್ಧ ಗಂಟೆ ಆ ಪುಣ್ಯಾತ್ಮನ ಮೇಲೆ ದೂರು ಹೇಳಿದ್ದಳು. ಈಗ ನೋಡಿದರೆ ರೈಲ್ವೆ ಕ್ವಾರ್ಟರ್ಸಿನ ಕೊನೆಯ ಬಾಗಿಲಲ್ಲಿ, ಸಿಗ್ನಲ್ ರಿಪೇರಿ ಮಾಡುವ ಈ ಎತ್ತರದ ಆಸಾಮಿ ನಗುತ್ತ ನಿಂತಿದ್ದಾನೆ!

"ನೋಡ್ರಿ, ಚ್ಯಾಷ್ಟಿ ಮಾಡಾಕ ನನಗ ಟೈಮಿಲ್ಲ. ನಮ್ಮ ಕಡೆ ಅಂಥಾ ಅಡ್ಡಹೆಸರು ಎಲ್ಲೈತ್ರಿ? ಖರೇ ಹೆಸರು ಹೇಳ್ರಿ."

ಅವನ ನಗು ಆರಿಹೋಯಿತು.

"ಖರೇನ ಐತ್ರಿ ಟೀಚರ. ನಾವು ಯಹೂದಿ ಮಂದಿ. ಇದು ಹೀಬ್ರೂ ಹೆಸರು. ನಾ ಹುಟ್ಟಿದ್ದು, ಬೆಳದದ್ದು ಎಲ್ಲಾ ಹುಬ್ಬಳ್ಳಿ ರೈಲ್ವೆ ಕಾಲನಿಯೊಳಗ."

ಸುವರ್ಣಾ ನಾಲಿಗೆ ಕಚ್ಚಿಕೊಂಡಳು. ಛೇ... ಎಂಥಾ ಮಾತಂದೆ! ಮನೆತನದ ಹೆಸರುಗಳ ಪಟ್ಟಿಯಲ್ಲಿ ಅದನ್ನು ಹುಡುಕಿದಳು, ಸಿಗಲಿಲ್ಲ. ಕೊನೆಗೆ ತಾನೇ ಬರೆದುಕೊಂಡಳು. ಆಮೇಲೆ ಸಮೀಕ್ಷೆಯಲ್ಲಿ ಇಲ್ಲದ ಪ್ರಶ್ನೆಯೊಂದು ಬಾಯಿಂದ ಹೊರಟೇಬಿಟ್ಟಿತು.

"ಈ ಹೆಸರಿನವರು... ಎಷ್ಟ ಮಂದಿ ಅದೀರಿ?"

"ಸಂಶಿಯೊಳಗ ಒಬ್ಬ. ಕುಂದಗೋಳ ತಾಲೂಕಿನ್ಯಾಗ ಒಬ್ಬ. ಇಡೀ ಧಾರವಾಡ ಜಿಲ್ಲಾದಾಗ..." ಅವನು ತಡೆದ. "ಒಬ್ಬ."

ಅವನ ಅಪ್ಪ ತೀರಿ ಬಹಳ ದಿನವಾಗಿತ್ತು. ಅವ್ವ ತೀರಿ ಎರಡು ವರ್ಷ. ಮುಂಬೈ, ಠಾಣೆಯ ಕಡೆ ಅವರ ಮಂದಿ ಇದ್ದಾರಂತೆ, ಆದರೆ ಅವರ ಅಡ್ಡಹೆಸರುಗಳು ಬೇರೆ. ಇಸ್ರೇಲಿನಲ್ಲಿ ಅಜ್ಜನ ತಮ್ಮನ ಮಕ್ಕಳಿದ್ದಾರೆ, ಅವರ ಪತ್ರ ನಿಂತು ಎಷ್ಟೋ ವರ್ಷವಾಯಿತು. ಇದನ್ನೆಲ್ಲ ಅವನು ರೈಲಿನ ಟೈಮು ಹೇಳಿದಷ್ಟು ಸಲೀಸಾಗಿ ಹೇಳಿದ.

"ನಿಮ್ಮ ಹೆಸರೇನ್ರಿ?" ಅಂದ.

"ಸುವರ್ಣಾ ಕುರಿಗಾರ."

"ಕುರಿಗಾರ ಅಂದ್ರ... ಕುರಿ ಕಾಯೋರು?"

"ಹೌದ್ರಿ. ಯಾಕ?"

"ರೋಯಿ ಅಂದ್ರೂ ಅದ ಅರ್ಥ ಬರತೈತ್ರಿ!"

ಇಬ್ಬರೂ ಒಮ್ಮೆಲೇ ನಕ್ಕರು. ಆ ನಗು ಮುಂದೆ ಇವಳನ್ನು ಎಂಥಾ ಇಕ್ಕಟ್ಟಿಗೆ ತಂದು ಹಾಕುತ್ತದೆ ಅಂತ ಆಗ ಗೊತ್ತಿದ್ದರೆ ಸುವರ್ಣಾ ಓಡಿಯೇ ಹೋಗುತ್ತಿದ್ದಳೋ ಏನೋ!

ಒಂದು ಸಹಿ ಬಿಟ್ಟುಹೋಗಿದೆ ಅಂತ ಮತ್ತೊಮ್ಮೆ ಹೋದಳು. ಮೂರನೆಯ ಸಲಕ್ಕೆ ನೆವ ಸಿಗಲಿಲ್ಲ, ಆದರೂ ಹೋದಳು. ಅಂದು ಶುಕ್ರವಾರ, ಇಳಿಹೊತ್ತು. ಅವನು ಕಿಟಕಿಯ ಹತ್ತಿರ ಎರಡು ದೀಪ ಹಚ್ಚುತ್ತಿದ್ದ. ತಮ್ಮ ಧರ್ಮದ ಪದ್ಧತಿಯಂತೆ ಪ್ರತಿ ಶುಕ್ರವಾರ ಅವ್ವ ಹಚ್ಚುತ್ತಿದ್ದಳು, ಅವಳ ನಂತರ ಬಿಡಲು ಮನಸ್ಸಾಗಲಿಲ್ಲ ಅಂದ. ಒಬ್ಬನೇ ಮನುಷ್ಯ, ಒಬ್ಬನ ಅಡುಗೆ, ಒಂದೇ ತಾಟು... ಸುವರ್ಣಾಳಿಗೆ ಅಲ್ಲಿಂದ ಎದ್ದು ಬರಲು ಆಗಲೇ ಇಲ್ಲ.

ದಸರೆ ಮುಗಿಯುವಷ್ಟರಲ್ಲಿ ಅವನು ಕೇಳಿಯೇಬಿಟ್ಟ. "ಟೀಚರ, ನಿಮ್ಮಪ್ಪನ ಮುಂದ ಬಂದು ನಿಮ್ಮನ್ನ ಕೇಳ್ಲೇನ್ರಿ?"

ಸುವರ್ಣಾಳಿಗೆ ಹೂಂ ಅಂದುಬಿಡುವ ಆಸೆ. ಆದರೂ ಟೀಚರ್ ಬುದ್ಧಿ ಎಲ್ಲಿ ಹೋಗುತ್ತದೆ? "ಒಂದೀಟು ತಡೀರಿ. ಮೊದಲ ನಾ ನಮ್ಮಪ್ಪನ್ನ ಹದಕ್ಕ ತರತೀನಿ."

ಅಲ್ಲೇ ಎಡವಿದಳು ನೋಡಿ.

ಸುವರ್ಣಾಳ ಅಪ್ಪ ಬೀರಲಿಂಗಪ್ಪನಿಗೆ ಮೂರು ಸಂಗತಿಗಳೆಂದರೆ ಪ್ರಾಣ. ತನ್ನ ಅರವತ್ತು ಕುರಿ, ತನ್ನ ಬೆಡಗು, ತನ್ನ ಮಗಳು. ಬೆಡಗು ಅಂದರೆ ಅವರಲ್ಲಿ ಒಂದೇ ಮೂಲದ ಮನೆತನಗಳು. ಒಂದು ಬೆಡಗಿನ ಹುಡುಗ ಹುಡುಗಿ ಅಣ್ಣ ತಂಗಿ ಇದ್ದಂತೆ, ಅವರ ನಡುವೆ ಮದುವೆಯ ಮಾತೇ ಇಲ್ಲ. ಕುರಿಗಾರ ಅಡ್ಡಹೆಸರಿನವು ಸುತ್ತಲಿನ ನಾಲ್ಕು ಊರಲ್ಲಿ ಏಳೇ ಮನೆ. ಏಳೂ ಒಂದೇ ಬೆಡಗು. ಬೀರಲಿಂಗಪ್ಪನಿಗೆ ಗಂಡುಮಗ ಇರಲಿಲ್ಲ. ಆ ಕೊರಗು ಬಾಯಲ್ಲಿ ಬರುತ್ತಿರಲಿಲ್ಲ, ಆದರೆ ದೀಪಾವಳಿ ಪಾಡ್ಯದ ದಿನ ಮಗಳು ಆರತಿ ಬೆಳಗುವಾಗ ಪಕ್ಕದ ಖಾಲಿ ಜಾಗದ ಕಡೆ ಅವನ ಕಣ್ಣು ಹೋಗದೆ ಇರುತ್ತಿರಲಿಲ್ಲ.

ಪಾಡ್ಯಕ್ಕೆ ಎಂಟು ದಿನ ಇರುವಾಗ, ಅಪ್ಪ ಚಹಾ ಕುಡಿಯುವ ಹೊತ್ತು ನೋಡಿ ಸುವರ್ಣಾ ಮೆಲ್ಲಗೆ ಸುರು ಮಾಡಿದಳು.

"ಅಪ್ಪಾ, ಸ್ಟೇಷನ್ನಿನ್ಯಾಗ ಒಬ್ರು ಅದಾರ. ನಾಥನ್ ಅಂತ. ಬ್ಯಾರೆ ಧರ್ಮದವರು. ಆದ್ರ ಅವರ ಅಡ್ಡಹೆಸರಿನ ಅರ್ಥ ಏನು ಗೊತ್ತೇನು? ಕುರಿ ಕಾಯಾಂವ! ಅಗದಿ ನಮ್ಮಂಗ!"

ಬೀರಲಿಂಗಪ್ಪ ಚಹಾದ ಬಸಿ ಕೆಳಗಿಟ್ಟ.

"ಏನಂದಿ? ಇನ್ನೊಮ್ಮೆ ಹೇಳು."

ಹೇಳಿದಳು. ಅಪ್ಪನ ಮುಖ ಅರಳಿತು. ಗೆದ್ದೆ ಅಂದುಕೊಂಡಳು ಹುಚ್ಚಿ!

"ಅಂದ್ರ ಅಂವಾ ಕುರಿಗಾರ! ಎಷ್ಟ ಮಂದಿ ಅದಾರ ಅವರು?"

"ಅವರು ಒಬ್ರ ಅಪ್ಪಾ. ಯಾರೂ ಇಲ್ಲ ಅವರಿಗೆ."

"ಯಾರೂ ಇಲ್ಲ ಅಂದ್ರ? ನಾವು ಸತ್ತೇವೇನು?" ಬೀರಲಿಂಗಪ್ಪ ರುಮಾಲು ಹೆಗಲಿಗೆ ಹಾಕಿಕೊಂಡು ಎದ್ದೇಬಿಟ್ಟ. "ಏಳು ಮನಿ ಇದ್ವು, ಇದು ಎಂಟನೇದು. ಹೆಂಗೋ ಏನೋ ಚದುರಿ ದೂರ ಹೋಗ್ಯಾರ ಪಾಪ! ಯವ್ವಾ ಸುವರ್ಣಾ, ನಿನಗ ದೇವ್ರು ಅಣ್ಣನ್ನ ಕೊಟ್ಟ!"

ಅಣ್ಣ...!

ಸುವರ್ಣಾ ಅಪ್ಪನ ದಾರಿಗೆ ಅಡ್ಡ ನಿಂತಳು. "ಅಪ್ಪಾ, ಹಂಗಲ್ಲ! ಹೆಸರಿನ ಅರ್ಥ ಅಷ್ಟ ಒಂದ... ಅವರ ದೇವರು ಬ್ಯಾರೆ, ಮಾತು ಬ್ಯಾರೆ..."

"ದೇವರು ಬ್ಯಾರೆ ಆದ್ರ ಏನಾತು? ಕಸುಬು ಒಂದ, ಹೆಸರು ಒಂದ. ಕುರಿಗಾರ ಅಂದ್ರ ಕುರಿಗಾರ!"

ಕೇಳುವ ವ್ಯವಧಾನ ಯಾರಿಗಿತ್ತು! ಕತ್ತಲಾಗುವ ಮುಂಚೆ ನಾಥನ್‌ನ ರಟ್ಟೆ ಹಿಡಿದು ಕರೆತಂದಿದ್ದ. ಬೆಡಗಿನ ಹಿರಿಯ ಭೀಮಶಿ ಕಾಕಾನನ್ನೂ ಕರೆಸಿದ್ದ. ಪಡಸಾಲೆಯಲ್ಲಿ ಕೂರಿಸಿ, "ಇಂವಾ ನನ್ನ ಮಗ. ಸುವರ್ಣಾನ ಅಣ್ಣ" ಅಂತ ಎಲ್ಲರೆದುರು ಸಾರಿದ.

ಸುವರ್ಣಾ ಬಾಗಿಲ ಮರೆಯಿಂದ ನಾಥನ್‌ನನ್ನೇ ನೋಡುತ್ತಿದ್ದಳು. ಹೇಳ್ರಿ... ಅಲ್ಲ ಅಂತ ಈಗ ಹೇಳ್ರಿ!

ಅವನು ತಬ್ಬಿಬ್ಬಾಗಿ ಬಾಯಿ ತೆರೆದ. ಅಷ್ಟರಲ್ಲಿ ಬೀರಲಿಂಗಪ್ಪ ಅವನ ತಲೆ ಸವರಿ, "ಉಂಡಿಯೇನಪಾ?" ಅಂದ. ನಾಥನ್‌ನ ಕಣ್ಣು ತುಂಬಿ ಬಂತು. ತೆರೆದ ಬಾಯಿ ಹಾಗೇ ಮುಚ್ಚಿತು.

ಅಲ್ಲಿಂದ ಸುರುವಾಯಿತು ನರಕ. ನಾಥನ್ ದಿನಾ ಡ್ಯೂಟಿ ಮುಗಿಸಿ ಬರುತ್ತಿದ್ದ. ಬೀರಲಿಂಗಪ್ಪನ ಜೊತೆ ಕುರಿ ದಡ್ಡಿಗೆ ಹೋಗುತ್ತಿದ್ದ, ಸುವರ್ಣಾಳ ಅವ್ವ ಮೈಲಾರವ್ವ ಬಡಿಸಿದ್ದು ಉಣ್ಣುತ್ತಿದ್ದ. ಸುವರ್ಣಾ ಬಡಿಸಲು ಬಂದರೆ ತಲೆ ಎತ್ತುತ್ತಿರಲಿಲ್ಲ. ಓಣಿಯ ಹೆಣ್ಣುಮಕ್ಕಳೆಲ್ಲ "ನಿಮ್ಮಣ್ಣ ಬಂದ ನೋಡಬೇ" ಅನ್ನುತ್ತಿದ್ದರು. ಸುಳ್ಳು ಅನ್ನುವಂತಿಲ್ಲ, ಹೌದು ಅನ್ನುವಂತಿಲ್ಲ. ತಾನೇ ಹೆಣೆದ ಬಲೆ. ಯಾರನ್ನು ಬೈಯುವುದು?

ಒಂದು ದಿನ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದವನನ್ನು ತಡೆದಳು.

"ಇನ್ನೂ ಎಷ್ಟ ದಿನ ಈ ಆಟ? ಅಪ್ಪಗ ಹೇಳ್ರಿ!"

"ಹೇಳ್ತೀನ್ರಿ... ಒಂದೆರಡು ದಿನ..."

"ಪಾಡ್ಯಾ ಆದ ಮರುದಿನ ಅಣ್ಣಿಗೇರಿಯಿಂದ ನನ್ನ ನೋಡಾಕ ಬರಾಕತ್ತಾರ. ನಿಮಗ ಗೊತ್ತೈತಿಲ್ಲೋ?"

"ಗೊತ್ತೈತ್ರಿ." ಅವನ ದನಿ ಬಿದ್ದುಹೋಗಿತ್ತು. "ಅಣ್ಣ ಅಂತ ನೀನ ಮುಂದ ನಿಂತು ಮಾತಾಡಬೇಕು ಅಂದಾರ ನಿಮ್ಮಪ್ಪ."

ಸುವರ್ಣಾ ಅವನ ಮುಖ ನೋಡಿದಳು. ಇವನಿಗೆ ಬೇಕಾದದ್ದು ಒಂದು ಮನೆ. ಆ ಮನೆಯ ಮಗಳು ಅಲ್ಲ! ಇಷ್ಟು ದಿನ ನಾನು ಏನೆಂದುಕೊಂಡಿದ್ದೆ...

"ಹಂಗಾರ ಮಾತಾಡ್ರಿ. ಚಲೋತ್ನ್ಯಾಗ ಮಾತಾಡ್ರಿ" ಅಂದು ಒಳಗೆ ಹೋಗಿ ಕದ ಹಾಕಿಕೊಂಡಳು. ಅಂದು ಅತ್ತಷ್ಟು ಅವಳು ಜೀವಮಾನದಲ್ಲಿ ಅತ್ತಿರಲಿಲ್ಲ.

ಪಾಡ್ಯದ ಬೆಳಗು. ಬಾಗಿಲಿಗೆ ಚೆಂಡುಹೂವು, ಅಡುಗೆಮನೆಯಲ್ಲಿ ಹೋಳಿಗೆ ಘಮ. ಪಡಸಾಲೆಯಲ್ಲಿ ಎರಡು ಮಣೆ ಹಾಕಿದ್ದರು. ಒಂದರ ಮೇಲೆ ಬೀರಲಿಂಗಪ್ಪ ಕೂತಿದ್ದ. ಇನ್ನೊಂದರ ಮೇಲೆ ಬಿಳಿ ಅಂಗಿಯ ನಾಥನ್. ಭೀಮಶಿ ಕಾಕಾ ಗೋಡೆಗೆ ಆತು ಕೂತಿದ್ದ. ಬಾಗಿಲಲ್ಲಿ ಓಣಿಯ ಹೆಣ್ಣುಮಕ್ಕಳು ತುಂಬಿದ್ದರು.

ಪಾಡ್ಯದ ಆರತಿ ಅಂದರೆ ಅಲ್ಲಿ ಆಟದ ಮಾತಲ್ಲ. ಹೆಣ್ಣುಮಗಳು ಒಮ್ಮೆ ಅಣ್ಣ ಅಂತ ಕುಂಕುಮ ಹಚ್ಚಿ ಆರತಿ ಬೆಳಗಿದಳೆಂದರೆ ಮುಗಿಯಿತು, ಅವನು ಸಾಯುವವರೆಗೆ ಅಣ್ಣ. ಆಮೇಲೆ ಯಾವ ನಾಲಿಗೆಯಿಂದ ಬೇರೆ ಮಾತಾಡುವುದು?

ಅಪ್ಪನಿಗೆ ಬೆಳಗಿದಳು. ಬೀರಲಿಂಗಪ್ಪನ ಕಣ್ಣಲ್ಲಿ ನೀರು. "ಇಷ್ಟ ವರ್ಷ ಈ ಮಣಿ ಖಾಲಿ ಇತ್ತು. ಹಚ್ಚವಾ ನಿಮ್ಮಣ್ಣಗ."

ಸುವರ್ಣಾ ನಾಥನ್‌ನ ಎದುರು ನಿಂತಳು. ಬೆರಳನ್ನು ಕುಂಕುಮದಲ್ಲಿ ಅದ್ದಿದಳು. ಬೇಡ ಅಂದರೆ ಹಬ್ಬದ ದಿನ, ಓಣಿಯ ಎದುರು ಅಪ್ಪನ ಮುಖ ಮಣ್ಣಾಗುತ್ತದೆ. ಹಚ್ಚಿದರೆ...

ಬೆರಳು ಅವನ ಹಣೆಯ ಹತ್ತಿರ ಬಂತು.

ನಾಥನ್ ಮಣೆಯಿಂದ ಎದ್ದುಬಿಟ್ಟ.

"ಬ್ಯಾಡ್ರಿ. ಈ ಆರತಿ ನನಗ ಬ್ಯಾಡ."

"ಯಾಕಪಾ? ಏನಾತು?" ಬೀರಲಿಂಗಪ್ಪ ಗಾಬರಿಯಾದ.

ನಾಥನ್ ಕೈಮುಗಿದು ನಿಂತ. "ನಿಮಗ ಖರೇ ಹೇಳದ ಎಂಟ ದಿನ ಉಂಡೀನ್ರಿ. ನಾವು ಕುರಿ ಕಾದವರಲ್ಲ. ನಮ್ಮ ಹಿರ್ಯಾರು ಕೊಂಕಣದಾಗ ಗಾಣ ಹೊಡೀತಿದ್ರು, ಎಣ್ಣಿ ತಗೀತಿದ್ರು. ನಮ್ಮ ಧರ್ಮದಂಗ ಶನಿವಾರ ಗಾಣ ನಿಲ್ಲಸ್ತಿದ್ರಂತ ಶನಿವಾರದ ತೇಲಿ, ಅಂದ್ರ ಶನಿವಾರದ ಗಾಣಿಗ್ರು, ಅಂತ ಕರೀತಿದ್ರು. ರೋಯಿ ಅನ್ನೂದು ನಮ್ಮ ಮೂಲದ ಹೆಸರಲ್ರಿ. ನಮ್ಮಜ್ಜನ ತಮ್ಮ ಇಸ್ರೇಲಿಗೆ ಹೋದಾಗ ಪ್ರಾರ್ಥನಿಯೊಳಗಿನ ಒಂದು ಮಾತು ತಗೊಂಡು ಅಡ್ಡಹೆಸರು ಮಾಡ್ಕೊಂಡ್ರು. ಅಣ್ಣ ತಮ್ಮರ ಹೆಸರು ಬ್ಯಾರೆ ಬ್ಯಾರೆ ಆಗಬಾರದಂತ ಹುಬ್ಬಳ್ಳಿಯೊಳಗ ನಮ್ಮಜ್ಜನೂ ಅದನ್ನ ಇಟಗೊಂಡ. ಅಷ್ಟರಿ. ನಾ ನಿಮ್ಮ ಬೆಡಗಿನಾಂವ ಅಲ್ಲ. ಸುವರ್ಣಾಗ ಅಣ್ಣ ಅಲ್ಲ. ಆಗೂದೂ ಇಲ್ಲ... ನಾ ಆಕಿನ್ನ ಮದುವಿ ಆಗಬೇಕಂತ ಮಾಡಿದಾಂವ."

ಬಾಗಿಲಲ್ಲಿದ್ದ ಹೆಣ್ಣುಮಕ್ಕಳು ಬಾಯಿ ಮೇಲೆ ಕೈ ಇಟ್ಟುಕೊಂಡರು.

"ಅಂದ್ರ ನಮ್ಮಾಂವ ಅಲ್ಲಂದಂಗಾತು" ಅಂದ ಭೀಮಶಿ ಕಾಕಾ.

ಬೀರಲಿಂಗಪ್ಪ ತಲೆ ಎತ್ತಲಿಲ್ಲ. "ಹೋಗು" ಅಂದ. ಒಂದೇ ಮಾತು.

ನಾಥನ್ ಬಗ್ಗಿ ನಮಸ್ಕಾರ ಮಾಡಿ ಅಂಗಳಕ್ಕೆ ಇಳಿದ. ಸುವರ್ಣಾ ತಾಟನ್ನು ನೆಲಕ್ಕಿಟ್ಟಳು. ಅಯ್ಯೋ, ಇಡೀ ಮನೆಯನ್ನೇ ಬಿಟ್ಟು ಹೊರಟನಲ್ಲ... ನನಗೋಸ್ಕರ!

"ಅಪ್ಪಾ, ತಪ್ಪು ನಂದು. ನಿನ್ನ ಒಪ್ಪಸಬೇಕಂತ ಹೆಸರಿನ ಮಾತು ತಗದಾಕಿ ನಾನ. ಅವರಂದ್ರ ನನಗ ಜೀವ. ಅಣ್ಣಿಗೇರಿಯವರ ಮುಂದ ನಾ ಕುಂದ್ರೂದಿಲ್ಲ. ಬೈತಿದ್ರ ನನ್ನ ಬೈ."

ಅಪ್ಪನಿಗಿಂತ ಮೊದಲು ಮಾತಾಡಿದವಳು ಇಷ್ಟು ಹೊತ್ತು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮೈಲಾರವ್ವ.

"ಎಂಟ ದಿನ ಓಣಿ ತುಂಬ ನಮ್ಮಾಂವ, ನಮ್ಮಾಂವ ಅಂತ ಹೇಳ್ಕೋಂತ ತಿರಗಿದ್ರಿ. ಆಗ ಅವನ ದೇವರು ಬ್ಯಾರೆ ಇರಲಿಲ್ಲೇನು? ಸುಮ್ಮ ಕುಂತಿದ್ರ ಮನಿ, ಕುರಿ ಎಲ್ಲಾ ಅವಂದ ಆಗ್ತಿತ್ತು. ಖರೇ ಹೇಳಿ ಎದ್ದ. ಬೆಡಗು ಬ್ಯಾರೆ ಅಂತ ಅವನ ಬಾಯಿಲೇನ ಆತು, ಇನ್ನ ಅಡ್ಡಿ ಏನೈತ್ರಿ?" ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮಗ ಅಂತೂ ಹ್ವಾದ. ಅಳಿಯಾನ್ನರ ಕಳಕೋಬ್ಯಾಡ್ರಿ."

ಬೀರಲಿಂಗಪ್ಪ ಮತ್ತೆ ಖಾಲಿಯಾದ ಪಕ್ಕದ ಮಣೆ ನೋಡಿದ. ಆಮೇಲೆ ಎದ್ದು ಅಂಗಳಕ್ಕೆ ಬಂದು ಓಣಿಗೆಲ್ಲ ಕೇಳುವಂತೆ ಕೂಗಿದ.

"ಏ ತಮ್ಮಾ! ಹಬ್ಬದ ದಿನ ನಮ್ಮ ಮನಿಯಿಂದ ಹಸದು ಹೋಗತಿ ಏನು? ಉಂಡು ಹೋಗು! ಅಣ್ಣಿಗೇರಿಯವರಿಗೆ ಬರಬ್ಯಾಡ್ರಿ ಅಂತ ನಾ ಫೋನ್ ಹಚ್ತೀನಿ. ಉಳಿದ ಮಾತು ಊಟ ಆದಮ್ಯಾಲ!"

ಅಷ್ಟರಲ್ಲಿ ಸುವರ್ಣಾ ಬರಿಗಾಲಲ್ಲಿ ಓಡಿಯಾಗಿತ್ತು. ಓಣಿಯ ತಿರುವಿನಲ್ಲಿ ನಿಂತುಬಿಟ್ಟಿದ್ದ ನಾಥನ್‌ನ ಎದುರು ಹೋಗಿ ನಿಂತಳು. ಏದುಸಿರು, ನಗು, ಅಳು ಎಲ್ಲಾ ಒಟ್ಟಿಗೆ.

"ಇಷ್ಟ ದಿನ ಯಾಕ ಬಾಯಿ ಬಿಡ್ಲಿಲ್ರಿ? ಒಳಗೊಳಗ ಸತ್ತಹೋಗಿದ್ದೆ ನಾ!"

"ಅವ್ವ ಹೋದಮ್ಯಾಲ ಉಂಡಿಯೇನು ಅಂತ ಯಾರೂ ಕೇಳಿದ್ದಿಲ್ರಿ. ನಿಮ್ಮಪ್ಪ ದಿನಾ ಕೇಳಿದ್ರು. ನಾಳೆ ಹೇಳೂಣು, ನಾಳೆ ಹೇಳೂಣು ಅಂತ... ತಪ್ಪಾತು."

"ಮತ್ತ ಇವತ್ತು?"

"ನಿಮ್ಮ ಬೆರಳು ಹತ್ತಿರ ಬಂತು. ಇನ್ನ ನೀವು ನನಗ ಸಿಗೂದಿಲ್ಲ ಅನ್ನಿಸ್ತು. ಮನಿ ಹೋದ್ರ ಹೋಗ್ಲಿ ಅಂತ ಎದ್ದೆ."

ಸುವರ್ಣಾ ಅವನ ಕೈ ಹಿಡಿದುಕೊಂಡಳು. ಅವನು ಗಾಬರಿಯಿಂದ ಸುತ್ತ ನೋಡಿದ. ಕಟ್ಟೆಯ ಮೇಲೆ, ಕಿಟಕಿಯಲ್ಲಿ, ಮಾಳಿಗೆಯ ಮೇಲೆ, ಎಲ್ಲಾ ಕಡೆ ಕಣ್ಣು!

"ಕೈ ಬಿಡ್ರಿ ಟೀಚರ... ಮಂದಿ ನೋಡಾಕತ್ತಾರ."

"ನೋಡ್ಲಿ" ಅಂದಳು ಸುವರ್ಣಾ, ಇನ್ನಷ್ಟು ಬಿಗಿಯಾಗಿ ಹಿಡಿದು. "ಎಂಟ ದಿನ ಸುಳ್ಳು ನೋಡ್ಯಾರ. ಇವತ್ತ ಖರೇದು ನೋಡ್ಲಿ."