ಕೂದಲು ಸುತ್ತಿದ ಕೊಳವೆ

“ಮಿಕ್ಕಿದ್ದೆಲ್ಲ ಸರಿಮಾಡಿ ಸ್ವಾಮಿ, ಆ ಒಂದು ಕೊಳವೆ ಮಾತ್ರ ಮುಟ್ಟಬೇಡಿ,” ಎಂದ ಸಭಾಭವನದ ಕಾವಲುಗಾರ. ಮುದುಕ ಬೀಗದ ಕೈಗಳ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಆರ್ಗನ್ನಿಗೆ, ಅಂದರೆ ತಿದಿಯ ಗಾಳಿಗೆ ನೂರಾರು ಕೊಳವೆಗಳು ನುಡಿಯುವ ವಾದ್ಯಕ್ಕೆ, ಶ್ರುತಿ ಕೂಡಿಸಲು ಬಂದಿದ್ದವನು ಚೀಲ ಕೆಳಗಿಟ್ಟು ನಕ್ಕ. ಮದುವೆಗೆ ನುಡಿಸುವ ಪುಟ್ಟ ಆರ್ಗನ್, ಮೂಕಿ ಚಿತ್ರಗಳಿಗೆ ಗುಡುಗು ಸಿಡಿಲು ಕೂಡಿಸುತ್ತಿದ್ದ ಥಿಯೇಟರಿನ ಆರ್ಗನ್, ಒಂದು ಸ್ವರವನ್ನು ಇನ್ನೊಂದು ಅಟ್ಟಿಸಿಕೊಂಡು ಹೋಗುವಂತೆ ಹಳಬರು ಬರೆದಿಟ್ಟ ಕೃತಿಗಳಿಗೆಂದೇ ಕಟ್ಟಿದ ದೈತ್ಯ ಆರ್ಗನ್, ಎಲ್ಲದರ ಹೊಟ್ಟೆಯೊಳಗೂ ಹೊಕ್ಕು ಬಂದವನು ಅವನು. ಅವನ ಕಿವಿಯೆಂದರೆ ಕಿವಿ. ಎಂತೆಂಥ ವಾದಕರೂ ಅವನು ತಲೆಯಾಡಿಸದೆ ನುಡಿಸಲು ಕೂರುತ್ತಿರಲಿಲ್ಲ.

“ಮುಟ್ಟಿದ್ರೆ ಏನಾಗತ್ತಪ್ಪಾ?”

“ಇದನ್ನ ಕಟ್ಟಿದವನು ಮಾಟಗಾರ. ಮನುಷ್ಯರ ಕಂಠದ ಹಾಗೆ ಹಾಡೋ ಕೊಳವೆಗಳ ಒಂದು ಸಾಲು ಮಾಡಿ, ಅದಕ್ಕೆ ಮಾಟ ಹಾಕಿದ. ಆ ಸಾಲು ಪೂರ್ತಿ ಶ್ರುತಿಗೆ ಬಂದ್ರೆ, ಕೀಲಿಮಣೆ ಮುಂದೆ ಕೂತವರ ದನಿ ಅದರೊಳಗೆ ಹೋಗಿಬಿಡತ್ತೆ. ಹಿಂದೆ ಒಬ್ಬ ಬಂದು ಸರಿಮಾಡ್ದ. ಕೂತಿದ್ದೋಳು ನಮ್ಮನೆಯವಳು. ಶ್ರುತಿ ಮಾಡಿದ ಕೈಯೇ ಅದನ್ನ ಕೆಡಿಸಿದ್ರೆ ದನಿ ವಾಪಸ್ ಬರತ್ತೆ. ಆದ್ರೆ ಕೆಡಿಸಿದವನಿಗೆ ಆಮೇಲೆ ಸಂಗೀತ ಕಿವಿಗೆ ಹತ್ತೋದೇ ಇಲ್ಲ. ಅದಕ್ಕೆ ಹೆದರಿ ಆ ಪುಣ್ಯಾತ್ಮ ಓಡಿಹೋದ. ಇನ್ನೊಬ್ಬರಿಗೆ ಹೀಗಾಗೋದು ಬೇಡ ಅಂತ ನಮ್ಮನೆಯವಳೇ ಆ ಕೊಳವೆಗೆ ತನ್ನ ಕೂದಲು ಸುತ್ತಿ ಅಪಶ್ರುತಿ ಮಾಡಿಟ್ಟಿದ್ದಾಳೆ. ಅವಳು ಮಾತಾಡಿ ಎಷ್ಟು ವರ್ಷ ಆಯ್ತೋ.”

“ಹೆಂಡ್ತಿ ಮಾತೇ ಆಡಲ್ವಾ? ಪುಣ್ಯ ಮಾಡಿದ್ದೀರಿ ಬಿಡಿ!”

ಮುದುಕ ನಗಲಿಲ್ಲ. ಅಷ್ಟರಲ್ಲಿ ಒಳಗೆ ಬಂದ ಹುಡುಗಿಯನ್ನು ನೋಡಿ ಅವನ ಮುಖ ಬಿಳುಚಿಕೊಂಡಿತು. “ಇವರೇನಾ ಕೂರೋದು?”

“ನನ್ನ ತಂಗಿ.”

“ಬೇಡ ಸ್ವಾಮಿ,” ಎಂದಷ್ಟೇ ಹೇಳಿ ಅವನು ಹೊರಟುಹೋದ.

“ಏನಂತೋ ಅಣ್ಣ?”

“ಏನಿಲ್ವೇ, ಅಡಗೂಲಜ್ಜಿ ಕತೆ. ಕೂತ್ಕೋ, ಕೆಲಸ ಆಗ್ಲಿ.”

ಭಾನುವಾರ ಇದೇ ಆರ್ಗನ್ನಿನ ಜೊತೆ ಅವಳು ಹಾಡುವವಳಿದ್ದಳು, ಮೊದಲನೇ ದೊಡ್ಡ ಕಾರ್ಯಕ್ರಮ. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಅವಳಿಗೆ ಸ್ವರ ಹಿಡಿಯಲು ಕಲಿಸಿದವನು ಅಣ್ಣನೇ. ಹಾಡು ಮುಗಿದ ಕೂಡಲೇ ಅವನ ಮುಖ ಹುಡುಕಿ, “ಶ್ರುತಿ ಸರಿಯಿತ್ತಾ?” ಎಂದು ಕೇಳುವುದು ಅವಳ ರೂಢಿ. ಅವನು ಹೂಂ ಎಂದರೆ ಮುಗಿಯಿತು, ಮಿಕ್ಕವರು ಏನು ಬೇಕಾದರೂ ಅಂದುಕೊಳ್ಳಲಿ.

ಅವನು ಆರ್ಗನ್ನಿನ ಕೋಣೆಯಂಥ ಪೆಟ್ಟಿಗೆಯ ಸಣ್ಣ ಬಾಗಿಲು ತೆರೆದು ಒಳಗೆ ತೂರಿದ. ಹಳೆಯ ಚರ್ಮ, ಅಂಟು, ಇಲಿ ಹಿಕ್ಕೆಯ ವಾಸನೆ ಮೂಗಿಗೆ ಬಡಿಯಿತು. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಗವ್ವೆನ್ನುವ ಕತ್ತಲು. ಪೆನ್ಸಿಲಿನಷ್ಟು ಸಣ್ಣವು, ಮರದ ಕಾಂಡದಷ್ಟು ದಪ್ಪನೆಯವು, ಕೊಳವೆಗಳೆಲ್ಲ ಟಾರ್ಚಿನ ಬೆಳಕಿಗೆ ಸಾಲು ಸಾಲಾಗಿ ಹೊಳೆದವು. ಕೆಳಗೆ ತಿದಿ ಏದುಸಿರು ಬಿಡುತ್ತಿತ್ತು. ಒಳಗಿದ್ದವನು “ಮುಂದಿನದು!” ಎಂದು ಕೂಗಬೇಕು, ಹೊರಗಿದ್ದವಳು ಮುಂದಿನ ಕೀ ಒತ್ತಿ ಹಿಡಿಯಬೇಕು, ಅವನು ತಟ್ಟಿ ತಟ್ಟಿ ಸರಿಮಾಡಬೇಕು. ಕೆಲಸ ನಡೆಯುವುದೇ ಹೀಗೆ.

ಕೊಳಲಿನಂತೆ ನುಡಿಯುವವು ಮುಗಿದವು, ಕಹಳೆಯಂಥವೂ ಮುಗಿದವು. ಕಂಠದ ಸಾಲಿನಲ್ಲಿ ಮಿಕ್ಕವೆಲ್ಲ ಶ್ರುತಿಯಲ್ಲೇ ಇದ್ದವು, ಒಂದು ಕೊಳವೆ ಮಾತ್ರ ಬೇನೆ ತಿನ್ನುವವರಂತೆ ನರಳಿತು. ಅವನ ಹಲ್ಲು ಜುಮ್ಮೆಂದಿತು. ಹಾಳಾಗಿ ಹೋಗಲಿ, ಬಿಟ್ಟುಬಿಡೋಣ ಎಂದುಕೊಂಡ. ಆದರೆ ತಂಗಿಯ ಹಾಡಿನ ನಟ್ಟನಡುವೆ ಈ ದರಿದ್ರ ಸ್ವರ ಅಡ್ಡ ಬಂದರೆ? ಕೊಳವೆ ಎತ್ತಿ ಬಿಚ್ಚಿದ. ಗಾಳಿಗೆ ಅದುರಬೇಕಾದ ಹಿತ್ತಾಳೆಯ ನಾಲಿಗೆಗೆ ಉದ್ದನೆಯ ಕೂದಲು ಬಿಗಿಯಾಗಿ ಸುತ್ತಿಕೊಂಡಿತ್ತು. “ಮಾಟವಂತೆ, ಮಣ್ಣಂತೆ,” ಎಂದು ಗೊಣಗುತ್ತ ಅದನ್ನು ಬಿಡಿಸಿ ಕತ್ತಲೆಗೆ ಎಸೆದ.

ಕೊಳವೆಯನ್ನು ಮತ್ತೆ ನಿಲ್ಲಿಸಿ ನಾಲಿಗೆಯನ್ನು ಒತ್ತಿ ಹಿಡಿದು ಶ್ರುತಿ ಏರಿಳಿಸುವ ತಂತಿಯನ್ನು ತಟ್ಟಿದ. ಇನ್ನೊಮ್ಮೆ ತಟ್ಟಿದ. ಸ್ವರ ಕೂಡಿತು. ಅಬ್ಬಾ, ಎಂಥ ಸ್ವರ! ಯಾರೋ ಪಕ್ಕದಲ್ಲೇ ಬಾಯ್ತೆರೆದು ಹಾಡಿದ ಹಾಗಿತ್ತು.

“ಮುಂದಿನದು!”

ಸ್ವರ ನಿಲ್ಲಲಿಲ್ಲ.

“ಮುಂದಿನದು ಅಂದ್ನಲ್ಲೇ! ನಿದ್ದೆ ಹೊಡೀತಿದ್ದೀಯಾ?”

“ಅಣ್ಣಾ.”

ತಂಗಿಯದೇ ದನಿ. ಆದರೆ ಹೊರಗಿನಿಂದ ಬರಲಿಲ್ಲ. ಅವನ ಕೆನ್ನೆಯ ಪಕ್ಕದ ಕೊಳವೆಯಿಂದ ಬಂತು, ಬಿಸಿ ಉಸಿರಿನ ಜೊತೆಗೆ.

“ಏಯ್, ಸಾಕು ನಿನ್ನಾಟ!” ನಗಲು ಹೋದ. ಕೊಳವೆಗಳ ಸಂದಿಗೆ ಕಣ್ಣು ಹಚ್ಚಿದ. ತಂಗಿ ಎದ್ದು ನಿಂತಿದ್ದಳು. ಕೀಗಳ ಮೇಲೆ ಅವಳ ಕೈ ಇರಲಿಲ್ಲ. ಎರಡೂ ಕೈಯಲ್ಲಿ ಕೊರಳು ಹಿಡಿದುಕೊಂಡಿದ್ದಳು. ಬಾಯಿ ತೆರೆದಿತ್ತು. ಕಿರುಚುತ್ತಿದ್ದಳು. ಸದ್ದಿಲ್ಲ.

ಕಿರುಚಿದ್ದು ಕೊಳವೆಗಳು.

ಸಾಲಿಗೆ ಸಾಲೇ, ಅವಳ ದನಿಯಲ್ಲಿ. ಟಾರ್ಚು ಕೈಜಾರಿತು. ಕತ್ತಲು. ಕೂದಲು ಸುತ್ತಿದ್ದ ಕೊಳವೆಗಾಗಿ ತಡಕಾಡಿದ. ಇದೋ? ಅದೋ? ಕಿವಿಗೊಟ್ಟ. ಅವನ ಕಿವಿ ಮೋಸ ಮಾಡಲಿಲ್ಲ. ಸಿಕ್ಕಿತು. ಕಿತ್ತ. ಲೋಹ ಬೆರಳು ಸುಟ್ಟಿತು. ಗಾಳಿ ತಪ್ಪಿದರೂ ಅದು ಅವನ ಕೈಯಲ್ಲೇ ಕೂಗುತ್ತಿತ್ತು. ಬಿಚ್ಚಿ ಅದರ ನಾಲಿಗೆಗೆ ಬೆರಳು ಹಾಕಿದವನು ಹಾಗೇ ನಿಂತ. ಸಂಗೀತ ಕಿವಿಗೆ ಹತ್ತೋದೇ ಇಲ್ಲ, ಅಂದಿದ್ದ ಮುದುಕ. ಆ ಕಿವಿ ಇಲ್ಲದಿದ್ದರೆ ಅವನು ಯಾರು? ಬಾಗಿಲು ಪಕ್ಕದಲ್ಲೇ ಇತ್ತು. ಓಡಿಹೋದವನಿಗೂ ಹೀಗೇ ಅನ್ನಿಸಿರಬೇಕು. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

“ಅಣ್ಣಾ! ಅಣ್ಣಾ!”

“ಬಂದೆ ಕಣೇ!” ಹಲ್ಲು ಕಚ್ಚಿ ಹಿತ್ತಾಳೆಯ ನಾಲಿಗೆಯನ್ನು ಕಿತ್ತೆಳೆದು ಮುರಿದ.

ಅವನ ಕಿವಿಯೊಳಗೆ ಏನೋ ಪಟ್ಟೆಂದಿತು. ಹೊರಗೆ ತಂಗಿ ಕಿರುಚಿದಳು, ಈ ಸಲ ತನ್ನದೇ ಬಾಯಿಂದ.

ಭಾನುವಾರ ಅವಳು ಹಾಡಿದಳು. ಒಂದು ಕೊಳವೆ ಮೂಕವಾಗಿದ್ದದ್ದು ಯಾರಿಗೂ ಗೊತ್ತಾಗಲಿಲ್ಲ. ಭವನಕ್ಕೆ ಭವನವೇ ಎದ್ದು ನಿಂತಿತು. ಹಿಂದಿನ ಸಾಲಿನಲ್ಲಿ ಕಾವಲುಗಾರನ ಹೆಂಡತಿ ಸದ್ದಿಲ್ಲದೆ ಕಣ್ಣೊರೆಸಿಕೊಂಡಳು. ಶ್ರುತಿ ಕೂಡಿಸುವವನಿಗೆ ಮಾತು ಕೇಳುತ್ತಿತ್ತು, ಚಪ್ಪಾಳೆಯೂ ಕೇಳುತ್ತಿತ್ತು. ಹಾಡು ಮಾತ್ರ ಬಾಗಿಲ ಸಂದಿಯಲ್ಲಿ ನುಸುಳುವ ಗಾಳಿಯ ಹಾಗೆ, ಏರಿಲ್ಲದೆ ಇಳಿವಿಲ್ಲದೆ ಸುಯ್ಯೆನ್ನುತ್ತಿತ್ತು. ತನ್ನ ಕಿವಿಯ ಸಂಗತಿಯನ್ನು ತಂಗಿಗೆ ಅವನು ಹೇಳಿರಲಿಲ್ಲ.

ಅವಳು ಗುಂಪು ಸರಿಸಿಕೊಂಡು ಅವನ ಹತ್ತಿರ ಓಡಿ ಬಂದಳು.

“ಅಣ್ಣ, ಶ್ರುತಿ ಸರಿಯಿತ್ತಾ?”

“ಹೂಂ,” ಎಂದ. “ಕೂದಲೆಳೆಯಷ್ಟೂ ಆಚೀಚೆ ಆಗ್ಲಿಲ್ಲ.”

ಅವನ ಮಾತನ್ನು ಅವಳು ಯಾವತ್ತೂ ಅನುಮಾನಿಸಿದವಳಲ್ಲ. ಬಾಯ್ತುಂಬ ನಕ್ಕಳು.