ಜೇಬಿನಿಂದ ಕೈ ತೆಗೆಯದವನು

“ಜೇಬಿನಿಂದ ಕೈ ತೆಗಿ!”

ಬೀಗದಂಗಡಿಯ ಹುಡುಗಿ ಆ ಅಪರಿಚಿತನ ಮಣಿಕಟ್ಟನ್ನು ಹಿಡಿದೇಬಿಟ್ಟಿದ್ದಳು. ಅಪ್ಪ ಬಿಟ್ಟುಹೋದ ಅಂಗಡಿಯಲ್ಲಿ ದಿನವಿಡೀ ಅರ ಹಿಡಿದು ಕೀಲಿ ಉಜ್ಜುವ ಕೈ ಅದು. ಬಿಡಿಸಿಕೊಳ್ಳುವುದು ಸುಲಭವಿರಲಿಲ್ಲ.

ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಬಂದರೆ, ಮನೆಯೊಳಗೆ ಯಾವನೋ ಗಿಟಾರ್ ಹಿಡಿದು ಅಮ್ಮನ ಮುಂದೆ ಹಾಡುತ್ತಿದ್ದಾನೆ. ಹೊರಗೆ ದೀಪದ ಕಂಬದ ಕೆಳಗೆ ಇವನು. ಬಲಗೈ ಜೇಬಿನಲ್ಲಿ, ಕಣ್ಣು ಅವಳ ಮನೆ ಬಾಗಿಲ ಮೇಲೆ, ತುಟಿ ಪಿಟಿಪಿಟಿ!

‘ಕಳ್ಳರು ಹೀಗೇ ಜೋಡಿಯಾಗಿ ಬರ್ತಾರೆ... ಒಬ್ಬ ಮಾತಿಗೆ, ಒಬ್ಬ ಕಾವಲಿಗೆ.’ ಬೀಗ ಒಡೆಸಿಕೊಂಡವರ ಗೋಳು ಕೇಳುತ್ತಲೇ ಬೆಳೆದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಅವನು ನಿಧಾನವಾಗಿ ಕೈ ಹೊರತೆಗೆದ. ಬೆರಳಿಗೆ ಸುತ್ತಿಕೊಂಡಿದ್ದದ್ದು ಒಂದು ಜಪಸರ.

“ನಾವು... ಚರ್ಚಿನ ಯುವಕರ ಗುಂಪಿನವರು. ಇಬ್ಬಿಬ್ಬರಾಗಿ ಮನೆಮನೆಗೆ ಹೋಗ್ತೀವಿ. ಒಬ್ಬ ಒಳಗೆ ಮಾತಾಡ್ತಾನೆ. ಇನ್ನೊಬ್ಬ ಹೊರಗೆ ನಿಂತು ಆ ಮನೆಯವರಿಗೋಸ್ಕರ ಜಪ ಮಾಡ್ತಾನೆ.”

“ನಮಗೋಸ್ಕರ ಜಪ! ನಮ್ಮಪ್ಪನ ಶವಪೆಟ್ಟಿಗೆ ಹೊರೋಕೆ ಜನ ಸಿಗದೆ ನಾನೇ ಹೆಗಲು ಕೊಟ್ಟೆ. ಆವಾಗ ಎಲ್ಲಿತ್ತು ನಿಮ್ಮ ಗುಂಪು?”

ಅವನು ತಲೆ ತಗ್ಗಿಸಿದ. “ಬರಬೇಕಿತ್ತು. ಬರಲಿಲ್ಲ. ತಪ್ಪಾಯ್ತು.”

ನೆಪ ಹೇಳಿದ್ದರೆ ಬೈಯಲು ಅವಳ ಬಾಯ್ತುಂಬ ಮಾತಿತ್ತು. ಅವಳು ಹಿಡಿದಿದ್ದ ಮಣಿಕಟ್ಟನ್ನು ಬಿಟ್ಟಳು.

ಅಷ್ಟರಲ್ಲಿ ಒಳಗಿಂದ ಅಮ್ಮನ ನಗು ಕೇಳಿಸಿತು. ಅಪ್ಪ ಹೋದಂದಿನಿಂದ ಚರ್ಚಿಗೂ ಹೋಗದೆ, ಗೋಡೆ ನೋಡುತ್ತ ಕೂತಿದ್ದ ಅಮ್ಮ! ಮಗಳಿಗೆ ಖುಷಿಗಿಂತ ಭಯವೇ ಹೆಚ್ಚಾಯಿತು. ಈ ನಗು ತಂದವರೇ ನಾಳೆ ಇದನ್ನು ಕಿತ್ತುಕೊಂಡು ಹೋದರೆ? ಇನ್ನೊಂದು ಸಲ ಅಮ್ಮ ಚೇತರಿಸಿಕೊಳ್ಳುವುದಿಲ್ಲ...

ಅವರು ಮುಂದಿನ ಭಾನುವಾರವೂ ಬಂದರು. ಅದರ ಮುಂದಿನದೂ.

“ಅಕ್ಕಾ, ನನ್ನ ಹಾಡು ಕೇಳಿ ಕಿವಿ ಮುಚ್ಚಿಕೊಂಡವರಿದ್ದಾರೆ. ಪೊಲೀಸ್ ಕರೀತೀನಿ ಅಂದವರು ನೀವೇ ಮೊದಲು!” ಗಿಟಾರ್ ಹುಡುಗ ಹಲ್ಲು ಕಿರಿದ. ಅವಳು ಬೈದರೂ ಅವನು ನಗುತ್ತಿದ್ದ, ಬೇಡವೆಂದರೂ ಇನ್ನೊಂದು ಹಾಡು ಹೇಳುತ್ತಿದ್ದ.

ಕಂಬದ ಕೆಳಗಿನವನ ಬಗ್ಗೆ ಅವಳು ಬೀದಿಯೆಲ್ಲ ವಿಚಾರಿಸಿದಳು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾನಂತೆ. ತುಂಬ ಒಳ್ಳೆಯವನಂತೆ. ‘ಎಲ್ಲರೂ ಒಳ್ಳೆಯವನು ಅಂತಾರಲ್ಲ, ಅಲ್ಲೇ ಇರೋದು ಅನುಮಾನ!’

ಒಂದು ವಾರ ಅವನು ಬರುವುದು ತಡವಾಯಿತು. ಅವಳು ಕಿಟಕಿಗೂ ಬಾಗಿಲಿಗೂ ಓಡಾಡಿದಳು. ಕಾವಲಿಗೆ ನೋಡ್ತಿದ್ದೀನಿ ಅಷ್ಟೇ, ಎಂದು ತನಗೆ ತಾನೇ ಹೇಳಿಕೊಂಡಳು. ಆಹಾ! ಕಾವಲು ಕಾಯುವವರು ತಲೆ ಬಾಚಿಕೊಂಡು ಕಾಯುತ್ತಾರೆಯೇ?

ತನ್ನ ಮನಸ್ಸಿನ ಮೇಲೇ ಅನುಮಾನ ಬಂದ ಮೇಲೆ ಅವಳು ಸುಮ್ಮನಿರಲಿಲ್ಲ. ಅವನ ಬಣ್ಣ ಬಯಲಾಗಲೇಬೇಕು.

ಅಂದು ಚರ್ಚಿನ ಸಭಾಂಗಣದಲ್ಲಿ ಯುವಕರ ಸಂಭ್ರಮದ ಸಂಜೆ. ಅಮ್ಮ ಹೊಸ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. “ನೀನೂ ಬಾರೇ. ಪಾಪ, ಆ ಮಾತಾಡದ ಹುಡುಗ ಇವತ್ತು ಮೊದಲ ಸಲ ಮೈಕ್ ಹಿಡಿದು ತನ್ನ ನಂಬಿಕೆಯ ಸಾಕ್ಷ್ಯ ಹೇಳ್ತಾನಂತೆ. ಕನ್ನಡಿ ಮುಂದೆ ನಿಂತು ಕಲೀತಿದ್ದಾನಂತೆ.”

“ನನಗೆ ಅಂಗಡೀಲಿ ಕೆಲಸ ಇದೆಯಮ್ಮ.”

ಅಮ್ಮ ಗೇಟಿನ ಬಳಿ ಗುಂಪಿಗಾಗಿ ಕಾಯುತ್ತಿದ್ದಾಗ ಅವಳು ಮನೆ ಬಾಗಿಲಿಗೆ ಬೀಗ ಹಾಕಿದಳು. ಕೀಲಿಯನ್ನು ಬೇಕೆಂದೇ ಬೀಗದಲ್ಲೇ ಬಿಟ್ಟಳು. ಬೀದಿ ಸುತ್ತಿ ಎದುರು ಮನೆಯ ಟೀಚರ್ ಬಳಿ ಹೋಗಿ, ಪರದೆಯ ಹಿಂದೆ ನಿಂತಳು.

ಅಮ್ಮನನ್ನು ಕರೆದುಕೊಂಡು ಹೊರಟ ಗುಂಪಿನಲ್ಲಿ ಅವನೊಬ್ಬನೇ ಹಿಂತಿರುಗಿ ನೋಡಿದ. ಉಳಿದವರನ್ನು ಮುಂದೆ ಕಳಿಸಿ ಬಾಗಿಲ ಹತ್ತಿರ ಬಂದ.

‘ಸಿಕ್ಕಿಬಿದ್ದ!’ ಎಂದುಕೊಂಡಳು. ಆದರೆ ಎದೆ ಮಾತ್ರ ಬೇಡಿಕೊಳ್ಳುತ್ತಿತ್ತು... ಮುಟ್ಟಬೇಡ... ದಯವಿಟ್ಟು ಮುಟ್ಟಬೇಡ...

ಅವನು ಬಾಗಿಲಿಗೆ ಬೆನ್ನು ಮಾಡಿ ಮೆಟ್ಟಿಲ ಮೇಲೆ ಕೂತ. ಬಲಗೈ ಜೇಬಿಗೆ ಹೋಯಿತು.

ಸಭಾಂಗಣದಿಂದ ಹಾಡು ಕೇಳಿಸತೊಡಗಿತು, ಚಪ್ಪಾಳೆಯೂ. ಅವನು ಒಮ್ಮೆ ಆ ಕಡೆ ತಲೆ ಎತ್ತಿದ, ಏಳಲಿಲ್ಲ. ಅವಳಿಗೆ ಇನ್ನು ತಡೆಯಲಾಗಲಿಲ್ಲ. ಬೀದಿ ದಾಟಿ ಓಡಿದಳು.

“ಯಾಕೆ ಇಲ್ಲೇ ಕೂತಿದ್ದೀರಿ?”

“ಬೀಗದಲ್ಲೇ ಕೀಲಿ ಬಿಟ್ಟಿದ್ದೀರಿ.”

“ತಂದುಕೊಡಬಹುದಿತ್ತಲ್ಲ!”

“ಮುಟ್ಟಿದ್ರೆ ನಕಲು ಮಾಡಿಸಿದ ಅಂತೀರಿ.”

“ನಾನು ಬೇಕಂತಲೇ ಬಿಟ್ಟಿದ್ದು... ನಿಮ್ಮನ್ನ ಹಿಡಿಯೋಕೆ.”

“ಗೊತ್ತು.”

“ಗೊತ್ತಾ?!”

“ಬೀಗದ ಕೆಲಸದವರು ಕೀಲಿ ಮರೀತಾರಾ? ಅದೂ ಅಲ್ದೆ ನಾನು ಕನ್ನಡಕ ಮಾಡೋನು. ಟೀಚರ್ ಮನೆ ಪರದೆ ಹಿಂದೆ ಯಾರಿದ್ದಾರೆ ಅಂತ ಕಾಣಲ್ವಾ?”

“ಗೊತ್ತಿದ್ದೂ... ಅಲ್ಲಿ ನಿಮ್ಮ ಸಾಕ್ಷ್ಯ ಇತ್ತಲ್ಲ!”

“ಅಲ್ಲಿ ಅಷ್ಟು ಜನ ಕೇಳಬೇಕಿತ್ತು. ಇಲ್ಲಿ ನೀವೊಬ್ಬರು ನಂಬಬೇಕಿತ್ತು.”

ಅವಳು ಮೆಟ್ಟಿಲ ಮೇಲೆ ಅವನ ಪಕ್ಕ ಕೂತಳು. ಕಣ್ಣೀರು ತಾನಾಗಿಯೇ ಹರಿಯಿತು. “ಏನು ಹೇಳ್ಬೇಕು ಅಂತಿದ್ರಿ ಅಲ್ಲಿ?”

“ದೇವರು ಯಾರ ಬಾಗಿಲನ್ನೂ ಮುರಿದು ಬರಲ್ಲ, ಹೊರಗೆ ನಿಂತು ಕಾಯ್ತಾನೆ ಅಂತ. ನನಗೆ ಮಾತಾಡೋಕೆ ಬರಲ್ಲ. ಆದ್ರೆ ಅವನ ಜೊತೆ ನಿಂತು ಕಾಯೋಕೆ ಬರುತ್ತೆ. ಅದೆಷ್ಟು ಖುಷಿ ಗೊತ್ತಾ...” ಅವನ ಕಿವಿ ಕೆಂಪಾಯಿತು. “ಇನ್ನೊಂದು ಮಾತಿದೆ. ಸಭೇಲಿ ಹೇಳೋದಲ್ಲ.”

“ಹೇಳಿ.”

“ನೀವು ಗೇಟ್ ಹತ್ರ ಬಂದ ತಕ್ಷಣ ನನ್ನ ಜಪ ತಪ್ಪಿಹೋಗುತ್ತೆ. ಪ್ರತಿ ವಾರ. ಮತ್ತೆ ಮೊದಲಿಂದ ಶುರು ಮಾಡ್ತೀನಿ.”

ಅಳುತ್ತಲೇ ಅವಳಿಗೆ ನಗು ಬಂತು. ಎದ್ದು ಬೀಗದಿಂದ ಕೀಲಿ ತೆಗೆದಳು. ಅವನ ಅದೇ ಮಣಿಕಟ್ಟನ್ನು ಹಿಡಿದು, ಈ ಸಲ ಮೆಲ್ಲಗೆ, ಅಂಗೈಯಲ್ಲಿ ಕೀಲಿ ಇಟ್ಟಳು.

“ನಕಲಲ್ಲ. ಅಸಲಿ.”

ಅವನು ಕಣ್ಣು ಮಿಟುಕಿಸದೆ ನೋಡಿದ. ಹಾಡು ಇನ್ನೂ ಕೇಳಿಸುತ್ತಿತ್ತು.

“ನಡೀರಿ, ಓಡಿದ್ರೆ ಮೈಕ್ ಸಿಗುತ್ತೆ,” ಎಂದಳು. “ಇಬ್ಬಿಬ್ಬರಾಗಿ ತಾನೇ ಹೋಗೋದು? ನೀವು ಒಳಗೆ ಮಾತಾಡಿ, ನಾನು ಹೊರಗೆ ನಿಂತು ಜಪ ಮಾಡ್ತೀನಿ.”

“ಹೊರಗೆ ಬೇಡ. ಅಮ್ಮನ ಪಕ್ಕ, ಮುಂದಿನ ಸಾಲಲ್ಲೇ ಕೂತ್ಕೊಳ್ಳಿ.”

“ನನ್ನ ನೋಡಿ ಮಾತು ತಪ್ಪಿಹೋದ್ರೆ?”

ಅವನು ಜಪಸರವನ್ನು ಅವಳ ಕೈಗಿಟ್ಟ.

“ಮತ್ತೆ ಮೊದಲಿಂದ ಶುರು ಮಾಡ್ತೀನಿ.”